ಪಾರವ್ವ ಕಾಕುವಿನ ಗುಳಿಗೆ ದಾಸೋಹ

"ನಾ ಯಾರು ಗೊತ್ತೈತೇನ್ರಿ ನಿಮಗ?"

ಈ ಮಾತು ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇದೇ ಅಂಕಣದಲ್ಲಿ ಅಂಥವರಿಗೆ ಎರಡು ಸಲ ಮಂಗಳಾರತಿ ಮಾಡಿದ್ದೇನೆ (ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಒಬ್ಬರಂತೂ ಫೋನ್ ಮಾಡಿ ಬೈದಿದ್ದರು). ಕಳೆದ ಗುರುವಾರ ಬೆಳಗ್ಗೆ ಗೋಕಾಕದ ಒಂದು ಆಸ್ಪತ್ರೆಯ ಔಷಧ ಕೌಂಟರಿನ ಮುಂದೆ, ಸರದಿಯಲ್ಲಿ ನಿಂತ ಅಷ್ಟೂ ಜನರ ಎದುರಿಗೆ, ಗಂಟಲು ಏರಿಸಿ ಈ ಮಾತು ಆಡಿದವನು ನಾನೇ.

ಕೌಂಟರಿನ ಆ ಕಡೆ ಕುಳಿತಿದ್ದ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

"ಗೊತ್ತಿಲ್ರಿ ಸರ್. ಆದ್ರ ನೀವು ಡಾಕ್ಟರ್ ಅಲ್ಲ ಅನ್ನೂದು ಗೊತ್ತೈತಿ."

ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾದವು.

ಮೊದಲಿನಿಂದ ಹೇಳುತ್ತೇನೆ. ಪಾರವ್ವ ಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ಕುಲಗೋಡದಲ್ಲಿ ಮಗ, ಸೊಸೆ, ಎರಡು ಎಮ್ಮೆ, ಮೂರೆಕರೆ ಕಬ್ಬು, ಎಲ್ಲದರ ಯಜಮಾನಿಕೆ ಅವಳದೇ. ವಯಸ್ಸು ಅರವತ್ತೆಂಟು. ಎರಡು ವರ್ಷದ ಹಿಂದೆ ಬೆಳಗಾವಿಯಲ್ಲಿ ಅವಳ ಹೃದಯದ ಒಂದು ಕವಾಟ ತೆಗೆದು ಲೋಹದ್ದು ಹಾಕಿದರು. ಮಗ್ಗುಲಲ್ಲಿ ಕುಳಿತು ಕಿವಿಗೊಟ್ಟರೆ ಟಿಕ್ ಟಿಕ್ ಕೇಳುತ್ತದೆ. "ನನ್ನ ಎದಿಯಾಗ ಗಡಿಯಾರ ಇಟ್ಟಾರ, ಟೈಮ್ ಕೇಳಾಕ ಬರ್ರಿ" ಎಂದು ಓಣಿಯ ಹುಡುಗರನ್ನು ಕರೆದು ಕೇಳಿಸುತ್ತಾಳೆ. ಅವಳಿಗೆ ಅದೊಂದು ಮೋಜು. ನಾವೆಲ್ಲ ಮಾತ್ರ ಆ ಸದ್ದು ಎಲ್ಲಿ ನಿಲ್ಲುತ್ತದೋ ಎಂದು ಎಣಿಸುತ್ತ ಕೂರುತ್ತೇವೆ.

ಆ ಕವಾಟಕ್ಕೆ ಒಂದು ಷರತ್ತು ಇದೆ. ರಕ್ತ ತೆಳುಮಾಡುವ ಗುಳಿಗೆಯನ್ನು ಬದುಕಿರುವವರೆಗೂ ನುಂಗಬೇಕು. ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಜಾಸ್ತಿಯಾದರೆ ಎಲ್ಲೆಂದರಲ್ಲಿ ಸೋರುತ್ತದೆ. ಅದಕ್ಕೇ ಆಗಾಗ ಗೋಕಾಕಕ್ಕೆ ಬಂದು ರಕ್ತ ತೋರಿಸಬೇಕು, ಡಾಕ್ಟರ್ ಅದನ್ನು ನೋಡಿ ಎಷ್ಟು ಗುಳಿಗೆ ಅಂತ ಬರೆಯುತ್ತಾರೆ. "ಒಂದು ದಿನಾನೂ ತಪ್ಪಸಬ್ಯಾಡ್ರಿ" ಅನ್ನುವುದು ಅವರ ಖಾಯಂ ಮಾತು.

ಗುರುವಾರ ಬೆಳಗ್ಗೆ ಕಾಕು ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ರೊಟ್ಟಿಯ ಬುತ್ತಿ, ಶೇಂಗಾ ಹಿಂಡಿ, ಒಂದು ಡಬ್ಬಿ ಗಟ್ಟಿ ಮೊಸರು. ನನ್ನ ಹೆಂಡತಿಯ ಕೈಗೆ ಒಂದೊಂದಾಗಿ ಕೊಟ್ಟಾದ ಮೇಲೆ ಕುಪ್ಪಸದಿಂದ ಗುಳಿಗೆಯ ಖಾಲಿ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದಳು.

"ಗುಳಿಗಿ ಮುಗದಾವ್ ತಮ್ಮಾ. ಮೊನ್ನಿಂದ ತೊಗೊಂಡಿಲ್ಲ. ಒಂದೀಟು ತಂದು ಕೊಡು."

ಮೊನ್ನೆಯಿಂದ! ಎರಡು ದಿನ! ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಚಹಾ ಅರ್ಧಕ್ಕೇ ಬಿಟ್ಟು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದೆ. ಆಗಲೇ ಮನಸ್ಸಿನಲ್ಲಿ ಒಂದು ಯೋಜನೆ ಹಾಕಿದ್ದೆ. ಗುಳಿಗೆ ಕೈಗೆ ಬರುತ್ತಲೇ ಅಲ್ಲೇ ನೀರು ಕೊಟ್ಟು, ಚೀಟಿಯಲ್ಲಿ ಎಷ್ಟಿದೆಯೋ ಅಷ್ಟನ್ನೂ ನನ್ನ ಕಣ್ಣೆದುರಿಗೇ ನುಂಗಿಸಬೇಕು. ಈ ಯೋಜನೆಯನ್ನು ದಯವಿಟ್ಟು ಗಮನದಲ್ಲಿಡಿ.

ಕೌಂಟರಿನ ಹುಡುಗಿಯ ಹೆಸರು ಸನ್ಮತಿ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ 'ಫಾರ್ಮಸಿಸ್ಟ್' ಎಂದಿತ್ತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವಳು ಅಂತ ಆಮೇಲೆ ಗೊತ್ತಾಯಿತು. ಚೀಟಿಯನ್ನು ತಿರುಗಿಸಿ ನೋಡಿದಳು, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು, ಚೀಟಿಯನ್ನು ವಾಪಸ್ ನನ್ನತ್ತ ಸರಿಸಿದಳು.

"ಇದರ ಮ್ಯಾಲ ಆಗ್ಲೇ ಗುಳಿಗಿ ಕೊಟ್ಟು ಸಿಕ್ಕಾ ಹೊಡದೇವ್ರಿ. ತಿಂಗಳಿಂದು ಕೊಟ್ಟೇವಿ. ಇನ್ನೂ ನಾಲ್ಕ್ ದಿನದ್ದು ಉಳಿಬೇಕಿತ್ತು. ಮತ್ತ ಕೊಡಬೇಕಂದ್ರ ಡಾಕ್ಟರ್ ಹೊಸಾ ಚೀಟಿ ಬರೀಬೇಕ್ರಿ."

"ಡಾಕ್ಟರ್ ಎಷ್ಟಕ್ಕ ಬರ್ತಾರ?"

"ಹನ್ನೊಂದಕ್ಕರಿ."

ಆಗ ಒಂಬತ್ತೂ ಕಾಲು. ಎರಡು ದಿನ ಗುಳಿಗೆ ತಪ್ಪಿದ ಹೆಂಗಸು ಬೆಂಚಿನ ಮೇಲೆ ಟಿಕ್ ಟಿಕ್ ಎನ್ನುತ್ತ ಕುಳಿತಿದ್ದಾಳೆ, ಈ ಹುಡುಗಿ ಸಿಕ್ಕಾ, ಮೊಹರು ಅನ್ನುತ್ತಾಳೆ! ನಾಲ್ಕು ದಿನದ್ದು ಎಲ್ಲೋ ಬಿದ್ದಿರಬಹುದು, ಇಲಿ ಒಯ್ದಿರಬಹುದು. ಇದೇನು ರೇಷನ್ ಅಂಗಡಿಯೇ? ಅದೇ ಔಷಧ, ಅದೇ ಪೇಶಂಟ್, ಅದೇ ಆಸ್ಪತ್ರೆ, ಅದೇ ಕೌಂಟರ್. ಮತ್ತೇನು ಬೇಕು? ಇಷ್ಟನ್ನೂ ಏರಿದ ದನಿಯಲ್ಲಿ ಕೇಳಿದೆ. ಅವಳು ಅಷ್ಟೇ ತಣ್ಣನೆಯ ದನಿಯಲ್ಲಿ ಕೊಡಾಕ ಬರಂಗಿಲ್ರಿ, ಕೊಡಾಕ ಬರಂಗಿಲ್ರಿ ಅಂದಳು. ಆಗಲೇ ನನ್ನ ಬಾಯಿಂದ ಆ ದರಿದ್ರ ಮಾತು ಹೊರಬಿದ್ದದ್ದು.

ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ಆಸ್ಪತ್ರೆಯ ಮ್ಯಾನೇಜರ್ ಪರಿಚಯದವರು. ಈ ಅಂಕಣದ ಖಾಯಂ ಓದುಗರು ಬೇರೆ (ಈಗಲೂ ಓದುತ್ತಿದ್ದರೆ, ಸರ್, ನಮಸ್ಕಾರ). ಫೋನ್ ಮಾಡಿದೆ. ಪಾಪ, ಮೆಟ್ಟಿಲು ಇಳಿದು ಓಡಿ ಬಂದರು. "ಸನ್ಮತಿ, ಸರ್ ನಮ್ಮವರ ಅದಾರ, ಕೊಟ್ಟಬಿಡವಾ" ಅಂದರು.

ಸನ್ಮತಿ ಎದ್ದು ನಿಂತಳು. ಗೌರವದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ.

"ಆತ್ರಿ ಸರ್. ಚೀಟಿ ಇಲ್ಲದ ಕೊಡು ಅಂತ ಒಂದು ಹಾಳಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ. ಡ್ರಗ್ ಇನ್ಸ್‌ಪೆಕ್ಟರ್ ಬಂದಾಗ ತೋರಸಾಕ ಬೇಕಾಗತೈತಿ."

ಮ್ಯಾನೇಜರರಿಗೆ ತಕ್ಷಣ ಒಂದು ಮೀಟಿಂಗ್ ನೆನಪಾಯಿತು. ಇಳಿದದ್ದಕ್ಕಿಂತ ವೇಗವಾಗಿ ಮೆಟ್ಟಿಲು ಹತ್ತಿದರು.

ಈಗ ನನಗೆ ಉಳಿದದ್ದು ಒಂದೇ ದಾರಿ. ಖಾಲಿ ಪಟ್ಟಿ ತೋರಿಸಿದರೆ ಸಾಕು, ಯಾಕೆ, ಯಾರಿಗೆ ಅಂತ ಕೇಳದೆ ಕೊಡುವ ಅಂಗಡಿ ಯಾವುದಾದರೂ ಒಂದು ಎಲ್ಲ ಊರಲ್ಲೂ ಇರುತ್ತದೆ. ಇಲ್ಲ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. "ಇದೊಂದ ಅಂಗಡಿ ಐತೇನು? ಹೊರಗ ತೊಗೋತೇನಿ, ನಡಿ ಕಾಕು" ಎಂದು ಅವಳ ತೋಳು ಹಿಡಿದೆ.

"ಹೋಗ್ರಿ ಸರ್, ನಾ ಹಿಡದಿಲ್ಲ," ಅಂದಳು ಸನ್ಮತಿ. "ಹೋಗೂ ಮುಂಚೆ ಕಾಕುನ್ನ ಒಂದ ಮಾತು ಕೇಳ್ಲೇನ್ರಿ?"

ಉತ್ತರಕ್ಕೆ ಕಾಯಲಿಲ್ಲ. ಕೌಂಟರಿನ ಬಾಜೂ ಬಾಗಿಲಿನಿಂದ ಹೊರಗೆ ಬಂದು ಬೆಂಚಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಆಗ ನನಗೊಂದು ವಿಷಯ ಹೊಳೆಯಿತು. ಬೆಳಗಿನಿಂದ ನಾನು ಕಾಕುವಿನ ಪರವಾಗಿ ಊರೆಲ್ಲ ಜಗಳ ಆಡುತ್ತಿದ್ದೆ, ಕಾಕುವನ್ನು ಮಾತ್ರ ಏನೂ ಕೇಳಿರಲಿಲ್ಲ.

"ಕಾಕು, ಈ ಗುಳಿಗಿ ದಿನಾ ಎಷ್ಟ್ ತೊಗೋತೀರಿ?"

"ಒಂದು."

"ಚೀಟಿ ಮ್ಯಾಲ ಮೂರು ಐತೆಲ್ರಿ?"

"ನನಗ ಒಂದ ಸಾಕಾಗತೈತವಾ."

"ಮತ್ತ ಉಳದ ಎರಡು?"

ಕಾಕುವಿನ ಮುಖ ಅರಳಿತು. ಒಳ್ಳೆಯ ಕೆಲಸದ ಸುದ್ದಿ ಹೇಳುವಾಗ ಅರಳುತ್ತದಲ್ಲ, ಹಾಗೆ.

"ಒಂದು ಗಂಗವ್ವಗ, ಒಂದು ಶಾಂತಕ್ಕಗ. ನಮ್ಮ ಬಾಜೂ ಮನಿಯವ್ರು. ಅವ್ರಿಗೂ ಎದಿ ತ್ರಾಸ ಐತಿ. ಮೊದಲ ಡಾಕ್ಟರ್ ಒಂದ ಕೊಡತಿದ್ರು, ಆವಾಗ ಯಾರಿಗೂ ಕೊಡಾಕ ಆಗತಿದ್ದಿಲ್ಲ. ಎರಡು ಮಾಡಿದ್ರು, ಗಂಗವ್ವಗ ಆತು. ಮೂರು ಮಾಡಿದ್ರು, ಶಾಂತಕ್ಕಗ ಆತು. ದೇವರಂಥಾ ಡಾಕ್ಟರ್. ಈ ತಿಂಗಳ ಮೂಲಿಮನಿ ಮುದುಕಿನೂ ಬಂದ್ಲು, ಅಕಿಗೆ ಹ್ಯಾಂಗ ಇಲ್ಲ ಅನ್ನೂದು? ಅದಕ್ಕ ಈ ಸಲ ಲಗೂನ ಮುಗದಾವು."

ಸರದಿಯಲ್ಲಿ ನಿಂತವರು ಯಾರೂ ನಗಲಿಲ್ಲ.

ಇಲ್ಲಿ ನಿಮಗೆ ಕಾಕುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆತನದಲ್ಲಿ ಬಸವಣ್ಣನವರ ಫೋಟೋ ಎಲ್ಲರ ಗೋಡೆಯ ಮೇಲೂ ಇದೆ, ದಾಸೋಹ ನಡೆಸುತ್ತಿರುವವಳು ಅವಳೊಬ್ಬಳೇ. ಎಮ್ಮೆ ಈದರೆ ಮೊದಲ ಗಿಣ್ಣ ಓಣಿಗೆ. ಗಾಣದಿಂದ ಬೆಲ್ಲ ಬಂದರೆ ಮೊದಲ ಉಂಡೆ ಓಣಿಗೆ. ಇನ್ನೊಬ್ಬರಿಗೆ ಒಂದು ತುತ್ತು ಎತ್ತಿಡದೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವಳ ಕೈಗೆ ದಿನಕ್ಕೆ ಮೂರು ಗುಳಿಗೆ ಕೊಟ್ಟು, ಮೂರನ್ನೂ ನೀನೊಬ್ಬಳೇ ನುಂಗು ಅಂದರೆ? ಅದು ಅವಳಿಗೆ ಪಕ್ಕದವರನ್ನು ಕೂರಿಸಿಕೊಂಡು ಒಬ್ಬಳೇ ಉಂಡ ಹಾಗೆ. ನನ್ನ ಕಾಕು ಕದ್ದಿಲ್ಲ, ಮರೆತಿಲ್ಲ, ಉದಾಸೀನ ಮಾಡಿಲ್ಲ. ತನಗೆ ಬಂದದ್ದನ್ನು ನಾಲ್ವರಿಗೆ ಹಂಚಿದ್ದಾಳೆ. ಇಂಥ ತಪ್ಪನ್ನು ಮಾಡಲಿಕ್ಕೂ ದೊಡ್ಡ ಮನಸ್ಸು ಬೇಕು.

ಸನ್ಮತಿ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹನ್ನೊಂದಕ್ಕೆ ಬರುವವರು ಹತ್ತಕ್ಕೇ ಬಂದರು. ಕಾಕುವಿನ ರಕ್ತ ತೆಗೆಸಿ, ರಿಪೋರ್ಟ್ ನೋಡಿ, ಹಳೆಯ ಚೀಟಿಗಳನ್ನೆಲ್ಲ ಸಾಲಾಗಿ ಮೇಜಿನ ಮೇಲೆ ಹರಡಿದರು. ಒಂದೊಂದರ ಮೇಲೂ ಬೆರಳಿಟ್ಟು ಗುಳಿಗೆಯ ಲೆಕ್ಕ ನೋಡಿದರು.

"ಪ್ರತಿ ಸಲ ರಕ್ತ ದಪ್ಪನ ಬರತಿತ್ರಿ," ಅಂದರು ನನಗೆ. "ನಾ ಇವರು ಎಲ್ಲಾ ತೊಗೊಳ್ಳಾಕತ್ತಾರ ಅಂತ ತಿಳಕೊಂಡು ಏರಿಸಿಕೋತ ಹೊಂಟೆ. ಇವರು ಒಂದರ ಮ್ಯಾಲ ನಿಂತಾರ. ಮುಂದಿನ ಸಲ ನಾಲ್ಕು ಬರೀತಿದ್ನೋ ಏನೋ."

"ಈಗ ಮೂರು ತೊಗೊಂಡ್ರ ಸರಿ ಆಕ್ಕತೇನ್ರಿ?" ಎಂದು ಕೇಳಿದೆ. ಯೋಜನೆ ಇನ್ನೂ ತಲೆಯಲ್ಲಿತ್ತು.

ಅವರು ಕನ್ನಡಕ ತೆಗೆದರು. "ಒಂದ ತೊಗೊಂಡು ಅಭ್ಯಾಸ ಆದ ಮೈಗೆ ಒಮ್ಮೆಲೆ ದಿನಾ ಮೂರು ನುಂಗಿಸಿದ್ರ ಒಂದ ವಾರದಾಗ ರಕ್ತ ನೀರಾಗತಿತ್ತು. ಹೊಟ್ಟ್ಯಾಗ ಸೋರತಿತ್ತೋ, ತಲಿಯಾಗ ಸೋರತಿತ್ತೋ, ದೇವರಿಗೆ ಗೊತ್ತು. ಯಾರು ನುಂಗಸಾವ್ರಿದ್ರಿ?"

ನಾನು ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸತೊಡಗಿದೆ.

ಯೋಚಿಸಿ ನೋಡಿ. ಆ ಮ್ಯಾನೇಜರ್ ಒಂದು ಹಾಳೆಯ ಮೇಲೆ ಸಹಿ ಹಾಕಿಬಿಟ್ಟಿದ್ದರೆ? ನನ್ನ ಏರಿದ ದನಿಗೆ ಸನ್ಮತಿ ಒಂದು ಸಲ ಹೆದರಿಬಿಟ್ಟಿದ್ದರೆ? ಹೊರಗಿನ ಅಂಗಡಿಯವನು ಪಟ್ಟಿ ನೋಡಿ ಕೊಟ್ಟುಬಿಟ್ಟಿದ್ದರೆ? ನಾನು ಗೆಲ್ಲುತ್ತಿದ್ದೆ. ಪ್ರೀತಿಯಿಂದ ಎದುರಿಗೆ ಕುಳಿತು, ನೀರಿನ ಲೋಟ ಹಿಡಿದು, ದಿನಾ ಮೂರು ಗುಳಿಗೆ ನುಂಗಿಸಿ, ನನ್ನನ್ನು ತೊಡೆಯ ಮೇಲೆ ಕೂರಿಸಿ ರೊಟ್ಟಿ ಮುರಿದು ತಿನ್ನಿಸಿದ ಹೆಂಗಸನ್ನು ಕೊಂದುಬಿಡುತ್ತಿದ್ದೆ.

ಕಾಕು ಅಲ್ಲೇ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. 'ಸೋರತಿತ್ತು' ಅನ್ನುವ ಮಾತಿಗೆ ಅವಳ ಮುಖದ ಬಣ್ಣ ಹೋಯಿತು.

"ಯಪ್ಪಾ, ಗಂಗವ್ವನ ತೋಳಿನ ಮ್ಯಾಲ ಕರ್ರಗ ಬಾಸುಂಡಿ ಎದ್ದಾವಲ್ರೀ. ಎಮ್ಮಿ ಒದ್ದೈತಿ ಅಂದ್ಲು. ಹಲ್ಲು ತಿಕ್ಕುವಾಗ ವಸಡಿನ್ಯಾಗ ರಕ್ತ ಬರತೈತಿ ಅಂತನೂ ಅಂದ್ಲು. ನಾ ಬೇವಿನ ಕಡ್ಡಿ ಬಿಡು ಅಂದೆ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ನಾ ಕೊಟ್ಟಿದ್ದಕ್ಕನ ಆಗೇತೇನೋ ತಮ್ಮಾ? ಖರೆ ಹೇಳು. ನಾ ಕೊಟ್ಟಿದ್ದಕ್ಕನ ಆತೇನು?"

ಕವಾಟ ಬದಲಿಸುವ ದಿನವೂ ಅಳದೆ ಒಳಗೆ ಹೋದವಳು. ಈಗ ಅತ್ತುಬಿಟ್ಟಳು. ಅವಳ ಭಯ ಒಂದಿಷ್ಟೂ ಅವಳಿಗಾಗಿ ಇರಲಿಲ್ಲ.

"ಅವ್ರು ಇನ್ನ ಒಂದು ಗುಳಿಗಿನೂ ಮುಟ್ಟಬಾರ್ದು. ಮೂರೂ ಮಂದಿನ್ನ ಇವತ್ತ ಕರಕೊಂಡ ಬರ್ರಿ," ಅಂದರು ಡಾಕ್ಟರ್.

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು. "ನಿನ್ನ ಕಾರಿನಾಗ ಎಷ್ಟ ಮಂದಿ ಕುಂಡ್ರತಾರ?"

ಹೊರಡುವ ಮುಂಚೆ ಹೊಸ ಚೀಟಿ ಹಿಡಿದು ಮತ್ತೆ ಅದೇ ಕೌಂಟರಿಗೆ ಹೋದೆವು. ಈ ಸಲ ಸರದಿಯಲ್ಲಿ ನಿಂತೆ, ದನಿ ತಾನಾಗಿಯೇ ಇಳಿದಿತ್ತು. ಡಾಕ್ಟರ್ ಗುಳಿಗೆಯ ಲೆಕ್ಕ ಇಳಿಸಿ, ಬರೀ ಒಂದು ವಾರದ ಮಟ್ಟಿಗೆ ಬರೆದಿದ್ದರು. ಆಮೇಲೆ ಮತ್ತೆ ರಕ್ತ ತೋರಿಸಬೇಕು. ಸನ್ಮತಿ ಅಷ್ಟೇ ಎಣಿಸಿ ಕೊಟ್ಟಳು. ಚೀಟಿಯ ಮೇಲೆ ಸಿಕ್ಕಾ, ತಾರೀಖು. ಆಮೇಲೆ ಪಟ್ಟಿಯ ಮೇಲಿನ ಕೆಂಪು ಗೆರೆ ತೋರಿಸಿ ಕಾಕುವಿಗೆ ಹೇಳಿದಳು.

"ಈ ಕೆಂಪು ಗೆರಿ ನೋಡ್ರಿ ಕಾಕು. ಇದು ಇದ್ರ ಡಾಕ್ಟರ್ ಬರದ್ರಷ್ಟ ಕೊಡಬೇಕಂತ ಕಾಯ್ದೆ ಐತಿ. ಚೀಟಿ ಮ್ಯಾಲ ನಿಮ್ಮ ಹೆಸರು, ನಿಮ್ಮ ಊರು, ಎಷ್ಟ ಗುಳಿಗಿ, ತಾರೀಖು, ಡಾಕ್ಟರ್ ಸಹಿ, ಎಲ್ಲಾ ಇರಬೇಕು. ನಿಮ್ಮ ರಕ್ತ ನೋಡಿ ಬರದದ್ದು ಇದು. ಗಂಗವ್ವಾರ ರಕ್ತ ಬ್ಯಾರೆ, ನಿಮ್ದು ಬ್ಯಾರೆ."

ಕಾಕುವಿನ ಕೈ ಕೊರಳಿನ ಬೆಳ್ಳಿ ಕರಡಿಗೆಯತ್ತ ಹೋಯಿತು. ಅದರೊಳಗೆ ಅವಳ ಇಷ್ಟಲಿಂಗ ಇರುತ್ತದೆ.

"ಹಂಗಾರ ಇದು ಲಿಂಗಾ ಇದ್ದಂಗ ಆತಲ್ಲವಾ. ಗುರು ನನ್ನ ಅಂಗೈಯಾಗ ಇಟ್ಟು ಕೊಟ್ಟದ್ದು. ಎಂಥಾ ಜೀವದ ಗೆಳತಿ ಕೇಳಿದ್ರೂ ಬಿಚ್ಚಿ ಕೊಡಾಕ ಬರಂಗಿಲ್ಲ."

ಸನ್ಮತಿ ನಕ್ಕಳು. ಬೆಳಗಿನಿಂದ ನಕ್ಕಿದ್ದು ಅದೇ ಮೊದಲು. "ನಾವು ಜೈನರ ಮಂದಿ ಕಾಕು, ನನಗ ಅದು ಅಷ್ಟ ತಿಳಿಯಾಂಗಿಲ್ಲ. ಆದ್ರ ಕಾಲೇಜಿನಾಗ ಈ ಕಾಯ್ದೆ ಇಷ್ಟ ಚಲೋ ಯಾರೂ ಹೇಳಿಕೊಟ್ಟಿದ್ದಿಲ್ಲ."

(ಕಾಯ್ದೆಯನ್ನು ನಾನೂ ಆಮೇಲೆ ಹುಡುಕಿ ಓದಿದೆ. ಜಗಳ ಆದ ಮೇಲೆ ಓದುವುದು ನಮ್ಮ ಪದ್ಧತಿ. ಡಾಕ್ಟರ್ ಮತ್ತೆ ಕೊಡಿ ಎಂದು ಬರೆಯದಿದ್ದರೆ ಅದೇ ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. ಬರೆದ ಔಷಧದ ಬದಲಿಗೆ ಅಂಗಡಿಯವರು ತಮ್ಮ ಮನಸ್ಸಿಗೆ ಬಂದ ಬೇರೊಂದನ್ನು ಕೊಡುವಂತಿಲ್ಲ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲಿರಲೇಬೇಕು, ಅವರ ಕಣ್ಣ ಕೆಳಗೇ ಕೊಡಬೇಕು. ಕೆಲವು ಔಷಧಗಳಿಗಂತೂ ಯಾರು ಬರೆದರು, ಯಾರಿಗೆ ಕೊಟ್ಟರು ಅಂತ ಬೇರೆ ರಿಜಿಸ್ಟರೇ ಇದೆ. ಇಷ್ಟು ದಿನ ಇವನ್ನೆಲ್ಲ ಅಂಗಡಿಯವರ ತಲೆನೋವು ಅಂದುಕೊಂಡಿದ್ದೆ. ಒಂದೊಂದು ಸಾಲಿನ ಹಿಂದೆಯೂ ಯಾವುದೋ ಊರಿನ ಒಬ್ಬ ಪಾರವ್ವ ಕಾಕು ಇದ್ದಿರಬೇಕು ಅಂತ ಈಗ ಅನಿಸುತ್ತದೆ.)

ಕುಲಗೋಡಕ್ಕೆ ಹೋದೆವು. ಗಂಗವ್ವ ಬರಲು ಒಪ್ಪಲಿಲ್ಲ. ಅವಳೂ ಅರವತ್ತು ದಾಟಿದವಳು. ಮೊಮ್ಮಕ್ಕಳು ಸಾಲಿಯಿಂದ ಬರುತ್ತಾರೆ, ಎಮ್ಮೆಗೆ ಮೇವು ಹಾಕಬೇಕು, ಹಿಟ್ಟು ಬೀಸಿಸಿಕೊಂಡು ಬರಬೇಕು. "ನಂದೇನು ದೊಡ್ಡದು, ಹಿಂದಾಗಡೆ ನೋಡೂಣಂತ" ಅಂದಳು. ಕಾಕು ಮಾತಿಗೆ ನಿಲ್ಲಲಿಲ್ಲ. ತೋಳಿನ ಬಾಸುಂಡೆಯನ್ನು ಒಮ್ಮೆ ಮೆಲ್ಲಗೆ ಸವರಿ, ಆ ತೋಳನ್ನೇ ಹಿಡಿದು ಕಾರಿನೊಳಗೆ ಕೂರಿಸಿದಳು. ಶಾಂತಕ್ಕ, ಮೂಲೆಮನೆಯ ಮುದುಕಿ ಹಿಂದೆಯೇ ಬಂದರು. ದಾರಿಯುದ್ದಕ್ಕೂ ಕಾಕುವಿನ ಗಡಿಯಾರ ಎಂಜಿನ್ನಿನ ಸದ್ದಿನ ನಡುವೆಯೂ ನನಗೆ ಕೇಳಿದ ಹಾಗೆ ಆಗುತ್ತಿತ್ತು.

ಸರಿಯಾದ ಹೊತ್ತಿಗೆ ಬಂದಿದ್ದೆವು. ಗಂಗವ್ವನ ರಕ್ತ ಅಪಾಯದ ಗಡಿಯ ಹತ್ತಿರ ಹೋಗಿತ್ತು. ಇಂಜೆಕ್ಷನ್ ಕೊಟ್ಟು ಸಂಜೆಯವರೆಗೂ ಮಲಗಿಸಿದರು. ಕಾಕು ಆ ಹಾಸಿಗೆಯ ಪಕ್ಕದಿಂದ ಏಳಲಿಲ್ಲ, ನನ್ನ ಹೆಂಡತಿ ಕಳಿಸಿದ ಅನ್ನವನ್ನೂ ಮುಟ್ಟಲಿಲ್ಲ. ಸಂಜೆ ಡಾಕ್ಟರ್ ಇನ್ನೊಮ್ಮೆ ನೋಡಿ ಭಯವಿಲ್ಲ ಅಂದ ಮೇಲೆಯೇ ಅವಳು ಒಂದು ಲೋಟ ನೀರು ಕುಡಿದದ್ದು. ಉಳಿದಿಬ್ಬರಲ್ಲಿ ಶಾಂತಕ್ಕನಿಗೆ ಬಿ.ಪಿ. ಬಹಳ ಇತ್ತು, ಯಾರೂ ಯಾವತ್ತೂ ನೋಡಿಯೇ ಇರಲಿಲ್ಲ. ಮುದುಕಿಗೆ ಏನೂ ಇರಲಿಲ್ಲ ("ಎಲ್ಲಾರೂ ತೊಗೊಳ್ಳಾಕತ್ತಾರ ಅಂತ ನಾನೂ ತೊಗೊಂಡೆ" ಅಂದಳು).

ಗಂಗವ್ವನ ಎದೆಯ ತ್ರಾಸವೋ? ಅದು ಹೃದಯದ್ದೇ ಅಲ್ಲ. ಆಸಿಡಿಟಿ. ಮನೆಯವರೆಲ್ಲ ಉಂಡಾದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ಉಳಿದ ಖಾರದ ಜೊತೆ ಉಳಿದ ರೊಟ್ಟಿ ತಿಂದು ತಿಂದು ಬಂದದ್ದು. ಡಾಕ್ಟರ್ ಅದಕ್ಕೆ ತಿಂಗಳ ಗುಳಿಗೆ ಬರೆದು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಅಂತಲೂ ಬರೆದರು.

ಕೌಂಟರಿನಲ್ಲಿ ಸನ್ಮತಿ ಚೀಟಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಗಂಗವ್ವ ಹಿಂದಕ್ಕೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದರು ಅನ್ನುವ ಹಾಗೆ.

"ನಿಮ್ದರಿ, ಗಂಗವ್ವಾರ," ಅಂದಳು ಸನ್ಮತಿ.

ಗಂಗವ್ವ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತೋಳಿನ ಕಲೆಗಳು ಇನ್ನೂ ಹಾಗೇ ಇದ್ದವು.

"ಇಷ್ಟೂ ನನಗನ?"

"ಹೌದ್ರಿ. ಇದು ಬರೀ ನಿಮಗ."

"ಯಾರಿಗೂ ಕೊಡಬಾರ್ದೇನು? ಸೊಸಿಗೆ? ಮಗಗ?"

"ಯಾರಿಗೂ ಕೊಡಾಂಗಿಲ್ರಿ. ಕಾಯ್ದೆ ಐತಿ."

ಗಂಗವ್ವ ಕಾಕುವಿನ ಮುಖ ನೋಡಿದಳು. ಆಮೇಲೆ ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಎಷ್ಟೋ ವರ್ಷ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಿಂದ ಹೆಂಗಸಿಗೆ 'ಇದು ಬರೀ ನಿನಗೆ' ಎಂದು ಹೇಳಲಿಕ್ಕೂ ಒಂದು ಕಾಯ್ದೆಯೇ ಬೇಕಾಯಿತೇ?